ಟುಲಿಪ್ ಅರಳಲಿಲ್ವಾ? ತಪ್ಪು ನಿಮ್ಮದಲ್ಲ ಕಣ್ರೋ

1/6
"ಟುಲಿಪ್ ಗೆಡ್ಡೆ, ಯಾವ ಹವೆಗೂ ಸೈ, ಕುಂಡದಲ್ಲೇ ಹೂ!" ಈ ಜಾಹೀರಾತು ನಿಮ್ಮ ಫೀಡಲ್ಲೂ ಬಂದಿರುತ್ತೆ. ನಮ್ಮ ಕ್ಲಾಸಲ್ಲೇ ಇಬ್ರು ತರಿಸಿದ್ರು. ಒಂದು ಪಾರ್ಸಲ್ ಪಾಂಡವಪುರಕ್ಕೆ, ಇನ್ನೊಂದು ನಾಗಮಂಗಲಕ್ಕೆ. ಎರಡು ಕಡೆನೂ ಎಲೆ ಬಂತು, ಹೂ ಬರಲಿಲ್ಲ. ಮಾರಿದವರನ್ನ ಕೇಳಿದ್ರೆ, "ನೀವು ಸರಿಯಾಗಿ ನೋಡ್ಕೊಂಡಿಲ್ಲ" ಅಂದ್ರು. ನನಗೆ ಸಿಟ್ಟು ಬಂದಿದ್ದು ದುಡ್ಡು ಹೋಗಿದ್ದಕ್ಕಲ್ಲ, ಈ ಮಾತಿಗೆ. ಇದು ಸುಳ್ಳು. ಯಾಕೆ ಅಂತ ಓದಿ.

2/6
ಅಡುಗೆಮನೆಯ ಈರುಳ್ಳಿ ಒಂದನ್ನ ಉದ್ದಕ್ಕೆ ಕುಯ್ದು ನೋಡಿ. ಟುಲಿಪ್ ಗೆಡ್ಡೆನೂ ಹೆಚ್ಚುಕಮ್ಮಿ ಹಾಗೇ. ತಳದಲ್ಲಿ ಚಪ್ಪಟೆ ಕಾಂಡ, ಮೇಲೆ ಪದರ ಪದರ. ಆ ಪದರಗಳೇ ಗಿಡದ ಬುತ್ತಿ. ಬಲಿತ ಗೆಡ್ಡೆಯಲ್ಲಿ ಮುಂದಿನ ವಸಂತದ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಒಳಗೆ ಮೂಡಿರುತ್ತೆ. ಅದು ಹೊರಗೆ ಬರೋಕೆ ಬೇಕಾಗಿರೋದು ಗೊಬ್ಬರ ಅಲ್ಲ, ಚಳಿ. ಸುಮಾರು 12ರಿಂದ 16 ವಾರ, 9 ಡಿಗ್ರಿಗಿಂತ ಕೆಳಗೆ. ಆ ಚಳಿಯಲ್ಲೇ ಪದರದ ಪಿಷ್ಟ ಸಕ್ಕರೆಯಾಗೋದು, ಹೂವಿನ ಕಾಂಡಕ್ಕೆ ಉದ್ದ ಬೆಳೆಯೋ ಶಕ್ತಿ ಬರೋದು. ಚಳಿ ಸಿಗಲಿಲ್ಲ ಅಂದ್ರೆ ಮೊಗ್ಗು ಒಳಗೇ ಒಣಗುತ್ತೆ, ಇಲ್ಲಾ ಮಣ್ಣಿಗೆ ಅಂಟಿಕೊಂಡ ಹಾಗೆ ಕುಳ್ಳಗೆ ಬಂದು ಮುಗಿಯುತ್ತೆ.

3/6
ಈಗ ಹೇಳಿ, ಆ ಚಳಿ ನಮ್ಮಲ್ಲಿ ಎಲ್ಲಿದೆ? ಜನವರಿ ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ಹೊಳೆ ಮೇಲೆ ಮಂಜು ಕೂತಿರುತ್ತೆ, ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಲ್ಲಿ ಎಲ್ಲರೂ ಸ್ವೆಟರ್ ಹಾಕಿರ್ತಾರೆ, ನಿಜ. ಮಧ್ಯಾಹ್ನಕ್ಕೆ ಅದೇ ಸ್ವೆಟರ್ ಬ್ಯಾಗಿಗೆ. ಮೂರು ತಿಂಗಳು ಹಗಲೂ ರಾತ್ರಿ ಫ್ರಿಡ್ಜ್ ಒಳಗಿನಂಥ ಚಳಿ ಮೇಲುಕೋಟೆ ಬೆಟ್ಟದ ತುದಿಯಲ್ಲೂ ಇಲ್ಲ.

"ಫ್ರಿಡ್ಜಲ್ಲೇ ಇಟ್ರೆ?" ಅಂತೀರಾ. ಇಡಬಹುದು, ಹಾಗೆ ಅರಳಿಸಿದವರೂ ಇದ್ದಾರೆ. ಆದ್ರೆ ಪಕ್ಕದಲ್ಲಿ ಸೇಬು ಇದ್ರೆ ಅದು ಬಿಡೋ ಎಥಿಲೀನ್ ಅನಿಲಕ್ಕೇ ಮೊಗ್ಗು ಕೆಡುತ್ತೆ. ಹೂ ಬಂದ್ರೂ ಅದು ಒಂದ್ಸಲದ ಮಾತು. ಹೂ ಬಿಟ್ಟ ಮೇಲೆ ತಾಯಿ ಗೆಡ್ಡೆ ಕರಗಿಹೋಗುತ್ತೆ. ಮರಿ ಗೆಡ್ಡೆ ದಪ್ಪ ಆಗಬೇಕಾದ್ರೆ ಎಲೆ ತಂಪು ಹವೆಯಲ್ಲಿ ವಾರಗಟ್ಟಲೆ ಹಸಿರಾಗಿರಬೇಕು. ನಮ್ಮ ಮಾರ್ಚ್ ಬಿಸಿಲು ಅದಕ್ಕೆ ಬಿಡುತ್ತಾ? ಮರಿ ಸಣ್ಣದಾಗೇ ಉಳಿಯುತ್ತೆ. ಮತ್ತೆ ಹೂ ಇಲ್ಲ, ಮತ್ತೆ ಆರ್ಡರ್!

"ಟುಲಿಪ್ ಬೀಜ" ಮಾರೋರು ಇನ್ನೂ ಜೋರು. ಬೀಜದಿಂದ ಹೂ ಬರೋಕೆ ತಂಪು ದೇಶದಲ್ಲೇ 5-7 ವರ್ಷ ಬೇಕು. ಅಷ್ಟರಲ್ಲಿ ನಮ್ಮ ಬಿಕಾಂ, ಎಂಕಾಂ ಎರಡೂ ಮುಗಿದಿರುತ್ತೆ.

4/6
ಶ್ರೀನಗರದ ರೀಲ್ಸ್ ತೋರಿಸಬೇಡಿ. 2007ರಲ್ಲಿ ಶುರುವಾದ ಅಲ್ಲಿನ ಟುಲಿಪ್ ತೋಟದ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತೆ. ಅಂಥಾ ಕಡೆಗೇ ನೆದರ್ಲೆಂಡ್ಸ್‌ನಿಂದ ಗೆಡ್ಡೆ ತರಿಸ್ತಾರೆ.

ನೆದರ್ಲೆಂಡ್ಸ್ ಅಂದ್ರೆ ಕಾಮರ್ಸ್‌ನೋರಿಗೆ 1637 ನೆನಪಾಗಬೇಕು. ಅಲ್ಲಿ ಚಳಿಗಾಲದಲ್ಲಿ ಗೆಡ್ಡೆ ಮಣ್ಣೊಳಗೇ ಇತ್ತು, ಮೇಲೆ ಬರೀ ಚೀಟಿ ಕೈ ಬದಲಾಗ್ತಿತ್ತು. ಡಚ್ಚರೇ ಅದಕ್ಕೆ 'ಗಾಳಿ ವ್ಯಾಪಾರ' ಅಂತ ಹೆಸರಿಟ್ರು. ಫೆಬ್ರವರಿಯಲ್ಲಿ ಬೆಲೆ ದಬಕ್ ಅಂತ ಬಿತ್ತು. ಇಡೀ ದೇಶ ದಿವಾಳಿ ಆಯ್ತು ಅನ್ನೋದು ಉತ್ಪ್ರೇಕ್ಷೆ ಅಂತ ಈಗಿನ ಇತಿಹಾಸಕಾರರು ಹೇಳ್ತಾರೆ, ಇರಲಿ. ಸರಕು ನೋಡದೆ ದುಡ್ಡು ಕೊಡೋದು ಮಾತ್ರ ಇವತ್ತಿಗೂ ನಿಂತಿಲ್ಲ. ಅವತ್ತು ಚೀಟಿ, ಇವತ್ತು ಎಡಿಟ್ ಮಾಡಿದ ಫೋಟೋ.

5/6
"ಹೊರಗಿನ ಹೂ ಅಂದ್ರೆ ನಿನಗೆ ಹೊಟ್ಟೆಕಿಚ್ಚು" ಅನ್ನಬೇಡಿ. ಸುಗಂಧರಾಜ ಕೂಡ ಮೆಕ್ಸಿಕೋದಿಂದ ಬಂದ ಗಿಡ. ಅದಕ್ಕೂ ಗೆಡ್ಡೆನೇ. ಆದ್ರೆ ಅದು ನಮ್ಮ ಬಿಸಿಲಿಗೆ ಒಗ್ಗಿಕೊಂಡಿದೆ. ನೆಟ್ಟ ಮೂರು-ನಾಲ್ಕು ತಿಂಗಳಿಗೆ ಹೂ, ಒಂದ್ಸಲ ಹಾಕಿದ್ರೆ ಎರಡು-ಮೂರು ವರ್ಷ ಬೆಳೆ. ಕಿತ್ತಾಗ ಒಂದು ಗೆಡ್ಡೆ ಜಾಗದಲ್ಲಿ ಒಂದು ಗೊಂಚಲು ಸಿಗುತ್ತೆ, ಪಕ್ಕದ ಮನೆಗೂ ಕೊಡಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಶೃಂಗಾರ್', 'ಸುವಾಸಿನಿ', 'ಪ್ರಜ್ವಲ್' ಅಂತ ತಳಿಗಳನ್ನೇ ಕೊಟ್ಟಿದೆ.

ಅಕೌಂಟ್ಸ್ ಭಾಷೆಯಲ್ಲಿ ಹೇಳ್ತೀನಿ: ಇಲ್ಲಿ ಟುಲಿಪ್ ಗೆಡ್ಡೆ ಖರ್ಚು, ಸುಗಂಧರಾಜದ ಗೆಡ್ಡೆ ಆಸ್ತಿ. ಆದ್ರೂ ಫೇರ್‌ವೆಲ್‌ಗೆ ನಾವು ಪ್ಲಾಸ್ಟಿಕ್ ಟುಲಿಪ್ ಹಿಡ್ಕೊಂಡು ಫೋಟೋ ತೆಗೆಸ್ಕೋತೀವಿ. ಆಷಾಢದಲ್ಲಿ ಮದುವೆ ಇಲ್ಲದೆ ಹೂವಿನ ರೇಟ್ ಬಿದ್ದಾಗ ಬೆಳೆದವರ ಗತಿ ಏನು ಅಂತ ಕೇಳೋದೇ ಇಲ್ಲ.

6/6
ಟುಲಿಪ್ ಇಷ್ಟಪಡಬೇಡಿ ಅಂತ ನಾನು ಹೇಳ್ತಿಲ್ಲ. ಗೊತ್ತಿದ್ದು ಒಂದು ಸೀಸನ್‌ಗೆ ತರಿಸ್ತೀರಾ, ತರಿಸಿ. ಸುಳ್ಳು ನಂಬಿ ಬೇಡ. ಹೂ ಬರಲ್ಲ ಅಂತ ಗೊತ್ತಿದ್ದೂ "ಯಾವ ಹವೆಗೂ ಸೈ" ಅಂತ ಮಾರೋದು ಬರೀ ಮಾರ್ಕೆಟಿಂಗ್ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತು ಅಂದ್ರೆ ಏನು ಅಂತ ಬರೆದೇ ಇದೆ. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ ಇಟ್ಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನೊಂದ್ಸಲ ಯಾರಾದ್ರೂ "ನೀವು ನೋಡ್ಕೊಂಡಿಲ್ಲ" ಅಂದ್ರೆ ತಲೆ ತಗ್ಗಿಸಬೇಡಿ. ತಿರುಗಿ ಒಂದೇ ಪ್ರಶ್ನೆ ಕೇಳಿ: "ಕಳಿಸೋಕೆ ಮುಂಚೆ ಎಷ್ಟು ವಾರ ಚಳಿ ಕೊಟ್ಟಿದ್ರಿ?"

ದುಡ್ಡು ಕಳ್ಕೊಂಡಿರೋ ಫ್ರೆಂಡ್‌ಗೆ ಟ್ಯಾಗ್ ಮಾಡಿ.

#ಗೆಡ್ಡೆಲೆಕ್ಕ #ಸುಗಂಧರಾಜ #ಮಂಡ್ಯಹುಡುಗರು #ಮಂಡ್ಯಹುಡುಗೀರು