ನಮ್ಮ ಕಾಲು ಗಟ್ಟಿ ಅಂದವರಿಗೆ

ಪಟ್ಟಣದವರು ಈಗ ಬರಿಗಾಲಲ್ಲಿ ಓಡಲು ಕಲಿಯುತ್ತಿದ್ದಾರೆ. ಮೊದಲು ಹುಲ್ಲಿನ ಮೇಲೆ ಹತ್ತು ನಿಮಿಷ ನಡಿಗೆ, ಆಮೇಲೆ ಮಣ್ಣು, ಆಮೇಲೆ ಸ್ವಲ್ಪ ಓಟ. ಅವಸರ ಮಾಡಿದರೆ ಮೀನಖಂಡ ಹಿಡಿಯುತ್ತದೆ, ಪಾದದ ಎಲುಬು ಬಿರಿಯುತ್ತದೆ. ಅಂಗಾಲು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಪಾಠ ಸರಿಯಾಗೇ ಇದೆ. ಬರಿಗಾಲಲ್ಲೇ ಓಡಿ ಬೆಳೆದವರು ಬಹಳಷ್ಟು ಸಲ ಹಿಮ್ಮಡಿ ಕುಕ್ಕದೆ ಮುಂಗಾಲೂರಿ ಓಡುತ್ತಾರೆಂದು 2010ರಲ್ಲಿ ವಿಜ್ಞಾನಿಗಳೂ ತೋರಿಸಿದರು. ಓಡುವವರು ಓಡಲಿ. ನನ್ನ ಜಗಳ ಅವರ ಕಾಲಿನ ಜೊತೆಗಲ್ಲ.

ಬೀಳಗಿ ಸೀಮೆಯ ಎರಿ ಹೊಲದಾಗ ನಮ್ಮವ್ವನಿಗೆ ಈ ಪಾಠ ಯಾರೂ ಹೇಳಿಕೊಡಲಿಲ್ಲ. ಜಾಲಿಮುಳ್ಳು ಕಲಿಸಿತು. ಕೊಯ್ದ ಜೋಳದ ಕೂಳೆ ಕಲಿಸಿತು. ಏಪ್ರಿಲ್ ಬಿಸಿಲಿಗೆ ಕಾದ ನೆಲ ಕಲಿಸಿತು. ನಮ್ಮಜ್ಜನಿಗೆ ಮೆಟ್ಟು ಇದ್ದವು. ಊರೊಳಗೆ ಹೊಕ್ಕರೆ ಅವು ಕಾಲಿನಿಂದ ಕೈಗೆ ಬರುತ್ತಿದ್ದವು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯೂ ಇದೆ. ಚರ್ಮ ಹದ ಮಾಡಿದವರು ಡೋರರು, ಹೊಲಿದವರು ಸಮಗಾರರು. ಊರಿಗೆ ಮೆಟ್ಟು ಕೊಟ್ಟ ಕೇರಿಯೇ ಊರೊಳಗೆ ಬರಿಗಾಲಾಗಬೇಕಿತ್ತು!

ಹೈಸ್ಕೂಲಿನಲ್ಲಿ ನಾನು ಓಟಗಾರ. ಪಂದ್ಯಕ್ಕೆ ಬೂಟು ಕೇಳಿದೆ. ಮಾಸ್ತರರು ನಕ್ಕರು: "ಏ ತಮ್ಮಾ, ನಿಮ್ಮ ಮಂದಿ ಕಾಲು ಗಟ್ಟಿ ಇರ್ತಾವ. ನಿನಗ್ಯಾಕೋ ಬೂಟು?" ಬೂಟು ಬೇರೆ ಕಾಲಿಗೆ ಹೋದವು. ನಾನು ಓಡಿದೆ, ಗೆದ್ದೆ. ಸಂಜೆ ಅವ್ವ ಸೂಜಿ ಹಿಡಿದು ಮುಳ್ಳು ತೆಗೆದಳು. ಮಾಸ್ತರರು ಮಾತ್ರ ನನ್ನ ಗೆಲುವನ್ನೇ ತಮ್ಮ ಮಾತಿಗೆ ಸಾಕ್ಷಿ ಮಾಡಿಕೊಂಡರು.

"ನಿಮ್ಮ ಕಾಲು ಗಟ್ಟಿ" ಅನ್ನೋದು ಹೊಗಳಿಕೆ ಅಲ್ಲ, ಕೊಡದೆ ಇರೋದಕ್ಕೆ ಹುಡುಕಿದ ನೆಪ. "ನಿಮ್ಮ ಬೆನ್ನು ಗಟ್ಟಿ, ಹೊರ್ರಿ, ನಿಮ್ಮ ಮೂಗು ಗಟ್ಟಿ, ಗಟಾರಕ್ಕಿಳೀರಿ" ಅನ್ನುವುದೂ ಇದೇ ಬಾಯಿ. ಕೆನ್ಯಾದ ಬರಿಗಾಲಿನವರನ್ನು ಪರೀಕ್ಷಿಸಿದ ವಿಜ್ಞಾನಿಗಳು 2019ರಲ್ಲಿ ಹೇಳಿದರು: ಅಂಗಾಲು ಜಡ್ಡುಗಟ್ಟಿದರೂ ನೆಲದ ಸ್ಪರ್ಶ ಅರಿಯುವ ಶಕ್ತಿ ಕುಂದುವುದಿಲ್ಲ. ಚರ್ಮ ದಪ್ಪಾಗುತ್ತದೆ, ಅರಿವು ಸಾಯುವುದಿಲ್ಲ. ನಮ್ಮವ್ವ ಇದನ್ನು ಎಂದೋ ಬಲ್ಲಳು. ಜಡ್ಡು ಸಣ್ಣ ಕಲ್ಲು ತಡೆದೀತು. ಹಿಮ್ಮಡಿಯ ಒಡಕನ್ನು ತಡೆಯದು. ಹೊಲಸಾದ ಹಸಿ ಮಣ್ಣಿನಿಂದ ಪಾದ ಕೊರೆದು ಒಳಹೊಕ್ಕು ರಕ್ತ ಹೀರುವ ಕೊಕ್ಕೆಹುಳುವನ್ನೂ ತಡೆಯದು.

ಬರಿಗಾಲ ಮಹಿಮೆ ಹಾಡುವವರು ಇಥಿಯೋಪಿಯಾದ ಅಬೆಬೆ ಬಿಕಿಲನ ಹೆಸರೆತ್ತುತ್ತಾರೆ. 1960ರಲ್ಲಿ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಆತ ಬರಿಗಾಲಲ್ಲಿ ಗೆದ್ದ, ನಿಜ. 1964ರಲ್ಲಿ ಟೋಕಿಯೊದಲ್ಲಿ ಬೂಟು ಹಾಕಿ ಗೆದ್ದ; ರೋಮಿಗಿಂತ ಮೂರು ನಿಮಿಷ ಕಡಿಮೆ ಹೊತ್ತಿನಲ್ಲಿ. ಈ ಎರಡನೇ ಮಾತು ಅವರಿಗೆ ನೆನಪಾಗುವುದಿಲ್ಲ.

ದಲಿತರು ಸಾರ್ವಜನಿಕ ಜಾಗದಲ್ಲಿ ಮೆಟ್ಟು ಹಾಕುವುದನ್ನು ತಡೆಯುವುದು ಅಪರಾಧ ಎಂದು ದೌರ್ಜನ್ಯ ತಡೆ ಕಾಯಿದೆಯಲ್ಲಿ 2015ರಲ್ಲಿ ತಿದ್ದಿ ಬರೆಯಬೇಕಾಯಿತು. ಸ್ವಾತಂತ್ರ್ಯ ಬಂದು 68 ವರ್ಷದ ಮೇಲೆ!

ಹಳ್ಳಿಯ ಮಾಸ್ತರರೆ, ಓಟದ ಗೆರೆಯ ಮೇಲೆ ನಿಂತ ಕೂಸಿನ ಕಾಲು ನೋಡ್ರಿ. ಮೊದಲು ಬೂಟು ಕೊಡ್ರಿ. ಹಾಕ್ಕೊಂಡು ಓಡೋದೋ, ಬಿಚ್ಚಿಟ್ಟು ಓಡೋದೋ, ಅದನ್ನ ಆ ಕೂಸೇ ಹೇಳಲಿ. ಬಿಚ್ಚಿಡಬೇಕಾದರೂ ಮೊದಲು ಇರಬೇಕಲ್ಲ?