ಸ್ಯಾಂಡ್‌ವಿಚ್ಚಿಗೆ ಜೈನತ್ವ ಎಲ್ಲಿಂದ ಬಂತು?

ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದ ಹೊರಗೆ, ಫೋರ್ಟಿನ ಓಣಿಗಳಲ್ಲಿ, ಕಾಲ್ಬಾದೇವಿಯ ಬಟ್ಟೆ ಮಾರುಕಟ್ಟೆಯ ಆಸುಪಾಸಿನಲ್ಲಿ, ಘಾಟ್ಕೋಪರದ ಖಾವು ಗಲ್ಲಿಯಲ್ಲಿ ಸ್ಯಾಂಡ್‌ವಿಚ್ ಗಾಡಿಗಳಿಗೆ ಕೊರತೆಯಿಲ್ಲ. ಗಾಡಿಯವನ ಕೈಚಳಕವನ್ನು ನೋಡುವುದೇ ಒಂದು ಸೊಗಸು. ಬಿಳಿ ಬ್ರೆಡ್ಡಿನ ಹೋಳುಗಳಿಗೆ ಬೆಣ್ಣೆ ಸವರಿ, ಕೊತ್ತಂಬರಿ ಸೊಪ್ಪಿನ ಹಸಿರು ಚಟ್ನಿ ಹಚ್ಚಿ, ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ, ಟೊಮೆಟೊ, ಈರುಳ್ಳಿಗಳನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಜೋಡಿಸಿ, ಮೇಲೆ ಮಸಾಲೆ ಉದುರಿಸುತ್ತಾನೆ. ಸುಟ್ಟದ್ದು ಬೇಕೆಂದರೆ ಉದ್ದ ಹಿಡಿಯ ಅಚ್ಚಿನಲ್ಲಿಟ್ಟು ಒಲೆಯ ಮೇಲೆ ಎರಡು ಮಗ್ಗುಲೂ ತಿರುವುತ್ತಾನೆ. ಆದರೆ ಬ್ರೆಡ್ಡಿಗೆ ಕೈ ಹಾಕುವ ಮೊದಲು ಅವನು ಗಿರಾಕಿಯ ಮುಖ ನೋಡಿ ಒಂದೇ ಪದದ ಪ್ರಶ್ನೆ ಕೇಳುತ್ತಾನೆ: "ಜೈನ್?"

ಹೌದೆಂದರೆ ಆಲೂಗಡ್ಡೆ, ಈರುಳ್ಳಿ, ಬೀಟ್‌ರೂಟ್‌ಗಳು ಬದಿಗೆ ಸರಿಯುತ್ತವೆ. ಬಾಳೆಕಾಯಿಯೋ ದೊಣ್ಣೆ ಮೆಣಸಿನಕಾಯಿಯೋ ಅವುಗಳ ಸ್ಥಾನಕ್ಕೆ ಬರುತ್ತದೆ. ಅಷ್ಟಕ್ಕೆ ಅದು 'ಜೈನ್ ಸ್ಯಾಂಡ್‌ವಿಚ್' ಆಯಿತು!

ಈ ಹೆಸರಿಗೆ ಗಾಡಿಯವನನ್ನು ದೂರುವುದು ಅನ್ಯಾಯ. 2011ರ ಜನಗಣತಿಯ ಪ್ರಕಾರ ದೇಶದ ಸುಮಾರು 44.5 ಲಕ್ಷ ಜೈನರಲ್ಲಿ 14 ಲಕ್ಷ ಮಂದಿ ಮಹಾರಾಷ್ಟ್ರದಲ್ಲೇ ಇದ್ದರು. ಗಿರಾಕಿಯ ರುಚಿ ತಿಳಿದು ಸರಕು ಸಿದ್ಧಪಡಿಸುವುದು ವ್ಯಾಪಾರ ಧರ್ಮ. ವಿಮಾನ ಸಂಸ್ಥೆಗಳು ಜೈನ ಊಟಕ್ಕೆ 'ವಿ.ಜೆ.ಎಂ.ಎಲ್.' ಎಂಬ ಸಂಕೇತವನ್ನೇ ಇಟ್ಟುಕೊಂಡಿರುವಾಗ ಬೀದಿಯ ಗಾಡಿಯವನು ಒಂದು ಫಲಕ ಬರೆಸಿದರೆ ತಪ್ಪೇನು? ಅವನು ಮಾರುತ್ತಿರುವುದು ಆಲೂಗಡ್ಡೆಯಿಲ್ಲದ ಬ್ರೆಡ್ಡನ್ನು. ಅದನ್ನು ಧರ್ಮವೆಂದು ಮನೆಗೆ ಕೊಂಡೊಯ್ಯುತ್ತಿರುವವರು ಶ್ರಾವಕರು.

ಆ ಬ್ರೆಡ್ಡಿನ ಒಳಗನ್ನು ಒಮ್ಮೆ ಬಿಚ್ಚಿ ನೋಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಗೊತ್ತು: ಫಲ ಅಲ್ಪ, ಜೀವಘಾತ ಬಹಳ ಎಂಬ ಕಾರಣಕ್ಕೆ ತ್ಯಾಜ್ಯವೆಂದು ಅವರು ಹೇಳಿದ ವಸ್ತುಗಳಲ್ಲಿ ಕಂದಮೂಲಗಳ ಜೊತೆಗೆ ಹಸಿಶುಂಠಿಯೂ ಇದೆ, ಬೆಣ್ಣೆಯೂ ಇದೆ. ಬೆಣ್ಣೆ ತೆಗೆದ ಕೂಡಲೇ ಕಾಯಿಸಿ ತುಪ್ಪ ಮಾಡುವ ಪದ್ಧತಿ ಶ್ರಾವಕರ ಮನೆಗಳಲ್ಲಿ ಬಂದದ್ದು ಇದೇ ಕಾರಣದಿಂದ. ಈರುಳ್ಳಿಯ ಒಂದು ಎಸಳು ಕಂಡರೆ ಹೌಹಾರುವ ಗಿರಾಕಿ "ಬೆಣ್ಣೆ ಇನ್ನಷ್ಟು ಹಾಕು" ಎಂದು ಕೇಳಿ ಹಾಕಿಸಿಕೊಳ್ಳುತ್ತಾನೆ! ಚಟ್ನಿಗೆ ಶುಂಠಿ ಬಿದ್ದಿದೆಯೇ, ಅರೆಯುವಾಗ ಹಾಕಿದ ನೀರು ಸೋಸಿದ್ದೇ ಎಂದು ಕೇಳುವವರು ಎಷ್ಟು ಮಂದಿ? ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟ ಮನೆಯವರೂ ಆಷಾಢ ಶ್ರಾವಣಗಳಲ್ಲಿ ಆ ಹಸಿರು ಚಟ್ನಿಯನ್ನು ಸೊಪ್ಪೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರೆಡ್ಡಿನ ಮಾತಂತೂ ಬೇರೆಯೇ. ಹಿಟ್ಟಿಗೇ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಮರ್ಯಾದೆ ಇಟ್ಟುಕೊಂಡ ಪರಂಪರೆಯ ಮಕ್ಕಳು, ಯೀಸ್ಟ್ ಎಂಬ ಜೀವಿಯಿಂದ ಉಬ್ಬಿಸಿ, ಸುಟ್ಟು, ಪೊಟ್ಟಣ ಕಟ್ಟಿ, ದಿನಗಟ್ಟಲೆ ಅಂಗಡಿಯಲ್ಲಿ ಕುಳಿತ ಬ್ರೆಡ್ಡನ್ನು ಪ್ರಶ್ನೆಯಿಲ್ಲದೆ ಒಪ್ಪುತ್ತಾರೆ. ಇನ್ನು ಚೀಸ್. ಪ್ರಾಣಿಮೂಲವಲ್ಲದ ರೆನ್ನೆಟ್ಟಿನಿಂದ ಹೆಪ್ಪುಗಟ್ಟಿಸಿದ ಚೀಸ್ ಇಂದು ಸುಲಭವಾಗಿ ಸಿಗುತ್ತದೆ, ನಿಜ. ಆದರೆ ದೊಡ್ಡ ಊರುಗಳ ಹೊಸ ತಿಂಡಿ ಟ್ರಕ್ಕುಗಳು ಹೆಮ್ಮೆಯಿಂದ ಹೆಸರಿಸುವ ವಿದೇಶಿ ಚೀಸುಗಳ ಸಂಗತಿ ಹಾಗಲ್ಲ. ಇಟಲಿಯ ಪಾರ್ಮಿಜಾನೊವನ್ನು ಕರುವಿನ ಜಠರದ ರೆನ್ನೆಟ್ಟಿನಿಂದಲೇ ಹೆಪ್ಪುಗಟ್ಟಿಸುತ್ತಾರೆ. ಆಲೂಗಡ್ಡೆ ತೆಗೆದು ಅದನ್ನು ತುರಿದು ಹಾಕಿದ ಮೇಲೂ ಆ ತಿಂಡಿಯ ಹೆಸರು 'ಜೈನ್' ಎಂದೇ ಉಳಿದರೆ ಏನೆನ್ನಬೇಕು?

ಎಲ್ಲಕ್ಕಿಂತ ಮಿಗಿಲಾದದ್ದು ಹೊತ್ತಿನ ಪ್ರಶ್ನೆ. ಡಿಸೆಂಬರಿನಲ್ಲಿ ಮುಂಬಯಿಯ ಸೂರ್ಯ ಸುಮಾರು 6 ಗಂಟೆಗೆ ಮುಳುಗುತ್ತಾನೆ. ಜೂನಿನಲ್ಲೂ ಏಳೂಕಾಲರ ಆಚೆ ಹೆಚ್ಚು ನಿಲ್ಲುವುದಿಲ್ಲ. ಕಚೇರಿ ಬಿಟ್ಟು, ರೈಲಿಗೆ ಮೊದಲು ಗಾಡಿಯ ಮುಂದೆ ನೂಕುನುಗ್ಗಲಾಗುವ ಹೊತ್ತು ಅದೇ. ಅನಸ್ತಮಿತವನ್ನು ಅಜ್ಜಿಯರು ದೀಪ ಹಚ್ಚುವ ಮೊದಲೇ ಬಾಯಿ ತೊಳೆದು ಪಾಲಿಸಿದರು. ಮೊಮ್ಮಕ್ಕಳು ರಾತ್ರಿ 9 ಗಂಟೆಗೆ ವಿದ್ಯುದ್ದೀಪದ ಕೆಳಗೆ, ಹುಳು ಹಾರುವಲ್ಲಿ ನಿಂತು, ಬಾಳೆಕಾಯಿಯ ಸ್ಯಾಂಡ್‌ವಿಚ್ ತಿಂದು ಧರ್ಮ ಉಳಿಯಿತೆಂದು ಸಮಾಧಾನಪಡುತ್ತಾರೆ.

ಇದಕ್ಕೊಂದು ಸಮಾಧಾನ ಸಿದ್ಧವಾಗಿದೆ: "ಏನೂ ಬಿಡದಿರುವುದಕ್ಕಿಂತ ಎರಡು ಪದಾರ್ಥ ಬಿಡುವುದು ಮೇಲಲ್ಲವೆ?" ಖಂಡಿತ ಮೇಲು. ಶ್ರಾವಕಾಚಾರವೇ ಮೆಟ್ಟಿಲುಗಳ ಮಾರ್ಗ. ಹನ್ನೊಂದು ಪ್ರತಿಮೆಗಳಲ್ಲಿ ರಾತ್ರಿಭೋಜನದ ಸಂಪೂರ್ಣ ತ್ಯಾಗವನ್ನು ಆರನೆಯದರಲ್ಲಿ ಇಟ್ಟ ಆಚಾರ್ಯರಿಗೆ ಗೃಹಸ್ಥನ ಅಶಕ್ತಿ ಗೊತ್ತಿರಲಿಲ್ಲವೆ? ಸ್ವಲ್ಪವೇ ಪಾಲಿಸುವುದು ದೋಷವಲ್ಲ. ಸ್ವಲ್ಪವನ್ನು ಪೂರ್ಣವೆಂದು ಬರೆದುಕೊಳ್ಳುವುದು ದೋಷ. ಒಂದು ಕಂತು ಕಟ್ಟಿದವನು ಸಾಲವೇ ತೀರಿತೆಂದು ಖಾತೆ ಮುಚ್ಚಿದರೆ ಯಾವ ಲೆಕ್ಕ ಪರಿಶೋಧಕನೂ ಸಹಿ ಹಾಕಲಾರ. "ಈರುಳ್ಳಿ, ಆಲೂಗಡ್ಡೆ ಬೇಡ" ಎಂದು ಹೇಳಿ ತಿನ್ನುವವನ ಲೆಕ್ಕ ಶುದ್ಧ. "ಜೈನ್ ಕೊಡು" ಎಂದವನದು ಹಾಗಲ್ಲ.

ವ್ರತ ವ್ಯಕ್ತಿಯದು, ವಸ್ತುವಿನದಲ್ಲ. ಕರ್ನಾಟಕದ ಹಳ್ಳಿಯ ಜೈನ ಮನೆಗಳಲ್ಲಿ ಮುನಿಗಳು ಬಂದಾಗ ಇಂಥದ್ದನ್ನು ಇಷ್ಟು ಕಾಲ ತಿನ್ನೆನೆಂದು ನಿಯಮ ತೆಗೆದುಕೊಳ್ಳುವ ಪದ್ಧತಿಯುಂಟು. ಅತ್ತೆಯ ನಿಯಮ ಬೇರೆ, ಸೊಸೆಯ ನಿಯಮ ಬೇರೆ. ತೆಗೆದುಕೊಂಡವರಿಗೆ ಅದರ ನೆನಪೂ ಭಾರವೂ ಇರುತ್ತಿತ್ತು. ಫಲಕ ಆ ಭಾರವನ್ನು ಗಾಡಿಯವನ ಹೆಗಲಿಗೆ ದಾಟಿಸಿದೆ. ಪ್ರಮಾದದಿಂದಾದ ಪ್ರಾಣಹಾನಿಯೇ ಹಿಂಸೆಯೆಂದು ಪಾಠಶಾಲೆಯಲ್ಲಿ ಕಲಿತ ಹುಡುಗ ಬೀದಿಗೆ ಬಂದಾಗ ಅವನ ಪರವಾಗಿ ಜಾಗರೂಕನಾಗಿರುವ ಕೆಲಸ ಇನ್ನೊಬ್ಬನದಾಗುತ್ತದೆ. ಆ ಇನ್ನೊಬ್ಬನ ಬಳಿ ಇರುವುದು ಒಂದೇ ಮಣೆ, ಒಂದೇ ಚಾಕು.

ಹೀಗಿದ್ದೂ ಚಾಕುವಿನಂಚಿನಲ್ಲಿ ಈರುಳ್ಳಿಯ ವಾಸನೆ ಬಂದರೆ ಬೈಗುಳ ಬೀಳುವುದು ಅವನಿಗೇ. ಬಸದಿಯ ಬೀದಿಯಿಂದ ಗಾಡಿಗಳನ್ನು ಎತ್ತಿಸಬೇಕೆಂಬ ಅರ್ಜಿಗೂ ಗುರಿ ಅವನೇ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಕಾಯಿದೆ 2014ರಲ್ಲೇ ಬಂದಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆಂದು ಅದು ಹೇಳುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನ ನಿರೋಧ. ಅರ್ಜಿಗೆ ಸಹಿ ಹಾಕುವ ಮೊದಲು ಅದನ್ನೊಮ್ಮೆ ನೆನೆಯುವುದು ಒಳಿತು. ಆಲೂಗಡ್ಡೆಯ ನಿಗೋದ ಜೀವಗಳಿಗೆ ತೋರುವ ದಯೆಯಲ್ಲಿ ಒಂದು ಪಾಲು ಆ ಪಂಚೇಂದ್ರಿಯ ಜೀವಕ್ಕೂ ಸಲ್ಲಬೇಡವೆ?

ಧರ್ಮದರ್ಶಿಗಳ ಜವಾಬ್ದಾರಿ ಇನ್ನೂ ಹೆಚ್ಚಿನದು. ಯುವಕರನ್ನು ಸೆಳೆಯಬೇಕೆಂಬ ಸದುದ್ದೇಶದಿಂದ ಉತ್ಸವದ ಸಂಜೆ ಬಸದಿಯ ಅಂಗಳಕ್ಕೆ ತಿಂಡಿಯ ಟ್ರಕ್ಕು ಕರೆಸಿ, ಅದರ ಮೇಲೆ 'ಶುದ್ಧ ಜೈನ್' ಎಂಬ ಪರದೆ ಕಟ್ಟಿದರೆ ಆ ಪರದೆಗೆ ಟ್ರಸ್ಟಿನ ಮೊಹರು ಬಿದ್ದಂತೆಯೇ. ಕರೆಸಲೇಬೇಕೆಂದಿದ್ದರೆ ಮಧ್ಯಾಹ್ನ ಕರೆಸಲಿ, ಸೂರ್ಯಾಸ್ತಕ್ಕೆ ಮೊದಲು ಕಳುಹಿಸಲಿ. 'ಜೈನ್' ಎಂಬುದರ ಬದಲು ಏನೇನು ಹಾಕಿದೆ, ಏನೇನು ಹಾಕಿಲ್ಲ ಎಂಬ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಲಿ. ಓದಿ ನಿರ್ಧರಿಸುವ ಶ್ರಮ ತಿನ್ನುವವನದಾಗಿರಲಿ.

ಮುಂಬಯಿಯಂಥ ಊರಿನಲ್ಲಿ ಬೇರೆ ದಾರಿಯೇ ಇಲ್ಲವೆಂಬ ಮಾತು ನಿಲ್ಲುವುದಿಲ್ಲ. ಮನೆಯ ಅಡುಗೆಯನ್ನು ಕಚೇರಿಯ ಮೇಜಿಗೆ ತಲುಪಿಸುವ ಡಬ್ಬಾವಾಲಾಗಳ ವ್ಯವಸ್ಥೆ 1890ರಿಂದ ಆ ಊರಿನಲ್ಲಿದೆ. ಮಧ್ಯಾಹ್ನದ ಡಬ್ಬಿಯಲ್ಲಿ ಸಂಜೆ ಐದಕ್ಕೆಂದು ಎರಡು ಖಾಖರಾ ಹೆಚ್ಚಿಗೆ ಇಟ್ಟರೆ ಅದೇನೂ ಭಾರವಾಗುವುದಿಲ್ಲ.