ವಂಶವೃಕ್ಷದಲ್ಲಿ ಅಜ್ಜಿಯ ಹೆಸರೆಲ್ಲಿ?

ನಿಮ್ಮ ಅಜ್ಜಿಯ ಅಮ್ಮನ ಹೆಸರೇನು? ಥಟ್ಟನೆ ಹೇಳಿ ನೋಡೋಣ. ಅಜ್ಜನ ಅಪ್ಪನ ಹೆಸರಾದರೆ ಹೇಗೋ ನೆನಪಾಗುತ್ತದೆ. ಜಮೀನಿನ ಕಾಗದದಲ್ಲಿ ಅದು ಇರುತ್ತದೆ, ಮನೆಯಲ್ಲಿ ಯಾರಾದರೊಬ್ಬ ಮೊಮ್ಮಗನಿಗೂ ಅದನ್ನೇ ಇಟ್ಟಿರುತ್ತಾರೆ. ಅಜ್ಜಿಯ ಅಮ್ಮನನ್ನು ಮಾತ್ರ ಎಲ್ಲರೂ ‘ಹಾಸನದಜ್ಜಿ’, ‘ಹಿತ್ತಲಮನೆ ದೊಡ್ಡಮ್ಮ’ ಅಂತಲೇ ಕರೆದರು. ನಿಜವಾದ ಹೆಸರು ಅವರ ಜೊತೆಗೇ ಹೋಯಿತು.

ಈಗೀಗ ವಂಶವೃಕ್ಷ ಮಾಡಿಸುವ ಉತ್ಸಾಹ ಅನೇಕ ಮನೆಗಳಲ್ಲಿದೆ. ಷಷ್ಟ್ಯಬ್ದಿಗೋ ಗೃಹಪ್ರವೇಶಕ್ಕೋ ನೆಂಟರೆಲ್ಲ ಸೇರಿದಾಗ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೂಗುಹಾಕುವವರೂ ಇದ್ದಾರೆ. ಒಳ್ಳೆಯದೇ. ಆದರೆ ಸ್ವಲ್ಪ ಹತ್ತಿರ ಹೋಗಿ ಓದಿ. ಎಷ್ಟೋ ಕಡೆ ಗಂಡುಮಕ್ಕಳ ಕೊಂಬೆ ಮಾತ್ರ ಬೆಳೆಯುತ್ತಾ ಹೋಗಿರುತ್ತದೆ. ಮಗಳ ಕೊಂಬೆ ಮದುವೆಯಾದ ಕೂಡಲೇ ನಿಂತಿರುತ್ತದೆ. ಸೊಸೆಯ ಹೆಸರು ಗಂಡನ ಪಕ್ಕದಲ್ಲಿ, ಬ್ರಾಕೆಟ್‌ನೊಳಗೆ. ಅವಳ ತವರು ಯಾವುದು, ಅಪ್ಪ ಅಮ್ಮ ಯಾರು, ಒಂದೂ ಇಲ್ಲ. ನನ್ನನ್ನು ಕೇಳಿದರೆ ಇದು ಅರ್ಧ ವಂಶವೃಕ್ಷ. ಉಳಿದರ್ಧವನ್ನು ನಾವೇ ಬರೀಬೇಕು.

‘ಹೆಣ್ಣು ಇನ್ನೊಂದು ಮನೆ ಸೇರುವವಳು, ವಂಶ ಗಂಡಿನಿಂದಲೇ ತಾನೇ’ ಅಂತ ಹಿರಿಯರು ಹೇಳಬಹುದು. ಎಲ್ಲ ಕಡೆ ಹಾಗಿಲ್ಲ ನೋಡಿ. ನಮ್ಮ ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಮಕ್ಕಳಿಗೆ ತಾಯಿಯ ಬಳಿಯೇ ಬರುತ್ತದೆ. ಅಲ್ಲಿ ಕುಟುಂಬದ ಲೆಕ್ಕ ಅಜ್ಜಿಯಿಂದಲೇ ಶುರು. ಇನ್ನು ತರ್ಪಣ ಬಿಡುವ ಮನೆಗಳಲ್ಲೂ ಅಪ್ಪ, ಅಜ್ಜ, ಮುತ್ತಜ್ಜನ ಜೊತೆಗೆ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳುತ್ತಾರೆ. ಮಂತ್ರದಲ್ಲಿ ಜಾಗವಿದ್ದ ಹೆಸರಿಗೆ ನಮ್ಮ ಚಿತ್ರಪಟದಲ್ಲಿ ಜಾಗವಿಲ್ಲ ಅಂದರೆ ಹೇಗೆ?

ಹೆಸರೇ ತಾನೇ, ಬಿಟ್ಟುಹೋದರೆ ಏನಂತೆ ಅನ್ನಬೇಡಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಕೇಳುವ ಮುಖ್ಯ ಕಾಗದವೇ ವಂಶವೃಕ್ಷ. ಆಗ ‘ಅಕ್ಕ ತಂಗಿಯರ ಹೆಸರು ಯಾಕೆ, ಸುಮ್ಮನೆ ತೊಡಕು’ ಅಂತ ಬಿಟ್ಟು ಬರೆಸುವ ಮನೆಗಳಿವೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮವಾಗಿ ಆಗಿಹೋದ ವಿಭಾಗಗಳ ಮಾತು ಬೇರೆ. ‘ನನಗೆ ಪಾಲು ಬೇಡ, ತವರಿನ ಬಾಗಿಲು ತೆರೆದಿದ್ದರೆ ಸಾಕು’ ಅನ್ನುವ ಹೆಣ್ಣುಮಕ್ಕಳು ಇದ್ದಾರೆ. ಅದು ಅವರಿಷ್ಟ. ಹಾಗಿದ್ದರೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ. ಆದರೆ ಪಾಲು ಬೇಡವೆನ್ನುವುದು ಬೇರೆ, ಹುಟ್ಟೇ ಇಲ್ಲವೆಂಬಂತೆ ಹೆಸರು ಬಿಡುವುದು ಬೇರೆ.

ಆರೋಗ್ಯದ ವಿಷಯಕ್ಕೂ ಇದು ಬೇಕು. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತಾ? ಸ್ತನ ಕ್ಯಾನ್ಸರ್ ಇತ್ತಾ?’ ಅಂತ ಡಾಕ್ಟರು ಕೇಳುತ್ತಾರಲ್ಲ, ಅದು ತಾಯಿ ಕಡೆಗೂ ಸೇರಿಸಿ ಕೇಳುವ ಪ್ರಶ್ನೆ. ಆಗ ನಾವು ತಬ್ಬಿಬ್ಬಾಗುತ್ತೇವೆ. ‘ಅಜ್ಜಿ ಯಾವುದೋ ಕಾಯಿಲೆಯಿಂದ ಹೋದರಂತೆ’ ಅನ್ನುವುದಷ್ಟೇ ನಮಗೆ ಗೊತ್ತಿರೋದು.

ಹೇಗೆ ಶುರು ಮಾಡುವುದು ಅಂತೀರಾ? ಕಂಪ್ಯೂಟರ್ ಏನೂ ಬೇಡ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು.

* ಮನೆಯ ಅತಿ ಹಿರಿಯ ಹೆಂಗಸಿನ ಹತ್ತಿರ ಮೊದಲು ಹೋಗಿ. ‘ನಿಮ್ಮ ವಂಶದ ಬಗ್ಗೆ ಹೇಳಿ’ ಅಂದರೆ ಅವರಿಗೆ ಏನೂ ತೋಚುವುದಿಲ್ಲ. ‘ನಿಮ್ಮ ಬಾಣಂತನ ಯಾರು ಮಾಡಿದ್ರು ಅತ್ತೆ?’ ಅಂತ ಕೇಳಿ. ಹೆಸರುಗಳು ತಾವಾಗಿಯೇ ಬರುತ್ತವೆ.

* ಅಟ್ಟದ ಮೇಲಿನ ಹಿತ್ತಾಳೆ, ತಾಮ್ರದ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ. ಅಂಚಿನಲ್ಲಿ ಹೆಸರು ಕೊರೆದಿರಬಹುದು. ಪಹಣಿಯಲ್ಲಿ ಗಂಡಸರ ಹೆಸರಿದ್ದ ಕಾಲದಲ್ಲಿ ಎಷ್ಟೋ ಹೆಂಗಸರ ಹೆಸರು ಉಳಿದದ್ದು ಪಾತ್ರೆಯ ಮೇಲೇ.

* ಹಳೆಯ ಲಗ್ನಪತ್ರಿಕೆ, ಜಾತಕ, ಶಾಲೆಯ ಸರ್ಟಿಫಿಕೇಟ್, ಫೋಟೋದ ಹಿಂದಿನ ಬರಹ, ಪಾಲುಪತ್ರ ಎಲ್ಲವನ್ನೂ ನೋಡಿ.

* ಮದುವೆಯಲ್ಲಿ ಹೆಸರು ಬದಲಾಯಿಸುವ ಪದ್ಧತಿ ನಿಮ್ಮಲ್ಲಿದ್ದರೆ ಎರಡೂ ಹೆಸರು ಬರೆಯಿರಿ. ಹುಟ್ಟಿದೂರು, ತವರಿನವರ ಹೆಸರೂ ಇರಲಿ.

* ಉತ್ತರ ಕರ್ನಾಟಕದ ಕಡೆಯವರಾದರೆ ಊರಿಗೆ ಹೆಳವರು ಬರುತ್ತಾರಾ ವಿಚಾರಿಸಿ. ತಲೆಮಾರುಗಳಿಂದ ಮನೆತನಗಳ ವಂಶಾವಳಿ ಹೇಳಿ ಕಾಳುಕಡಿ, ಬಟ್ಟೆ ಪಡೆಯುವವರು ಅವರು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಸುವಾಗ ಹೆಣ್ಣುಮಕ್ಕಳದ್ದೂ ಮರೆಯದೇ ಹೇಳಿ.

* ಎರಡನೇ ಮದುವೆ, ಮನೆಬಿಟ್ಟು ಹೋದದ್ದು, ತೀರಿಹೋದ ಕೂಸು ಇಂಥ ವಿಷಯ ಬಂದರೆ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳಿ. ಅವರ ಒಪ್ಪಿಗೆಯಿಲ್ಲದೆ ಫ್ಯಾಮಿಲಿ ಗ್ರೂಪ್‌ಗೆ ಖಂಡಿತ ಹಾಕಬೇಡಿ.

ಕೆಲವರು ‘ನನ್ನದೇನಿದೆ ಬರೆಯೋಕೆ, ಅಡುಗೆ ಮಾಡಿದೆ, ಮಕ್ಕಳನ್ನು ಬೆಳೆಸಿದೆ ಅಷ್ಟೇ’ ಅಂತ ಎದ್ದುಬಿಡುತ್ತಾರೆ. ಬಿಡಬೇಡಿ. ಎಷ್ಟು ವಯಸ್ಸಿಗೆ ಮದುವೆಯಾಯಿತು, ಎಷ್ಟನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಯಾವ ಕೆಲಸ ಮಾಡಬೇಕು ಅಂತ ಆಸೆಯಿತ್ತು ಅಂತ ಕೇಳಿ. ನಮ್ಮ ಹೆಣ್ಣುಮಕ್ಕಳು ಓದಲೇಬೇಕಾದ ಚರಿತ್ರೆ ಅದು, ಗಂಡುಮಕ್ಕಳು ಕೂಡ.

ಈ ಭಾನುವಾರ ಮಧ್ಯಾಹ್ನ ಟೀವಿ ಒಂದು ಗಂಟೆ ಆಫ್ ಮಾಡಿ, ಅಮ್ಮನಿಗೋ ಅತ್ತೆಗೋ ಒಂದು ಫೋನ್ ಮಾಡಿ. ಮೂರು ತಲೆಮಾರಿನ ಹೆಂಗಸರ ಹೆಸರು ಸಿಕ್ಕರೂ ದೊಡ್ಡದೇ. ಹಿರಿಯರು ಇರುವಾಗಲೇ ಕೇಳಬೇಕಾದ ಮಾತಿದು, ಮುಂದಿನ ಹಬ್ಬದವರೆಗೆ ಕಾಯಬೇಡಿ. ಏನಂತೀರಿ?